ಟ್ಯಾಂಕಿನ ಹಿಂದೆ ಬೆಟ್ಟ ಇದೆ ಮೇಡಂ

ಚಿಕ್ಕಮಗಳೂರಿಗೆ ಹೋಗಿಬಂದ ಬಟ್ಟೆಯೆಲ್ಲ ಒಗೆದಾಯಿತು. ಸಿಟ್ಟು ಮಾತ್ರ ಇನ್ನೂ ಹೋಗಿಲ್ಲ.

ಹಿಲ್ ವ್ಯೂ ಫ್ಯಾಮಿಲಿ ರೂಮ್ ಅಂತ ಮುಂಚೆಯೇ ಪೂರ್ತಿ ದುಡ್ಡು ಕಟ್ಟಿದ್ದೆವು. ಪರದೆ ಸರಿಸಿದರೆ ಎದುರಿಗೆ ಕಪ್ಪು ನೀರಿನ ಟ್ಯಾಂಕ್, ಪಕ್ಕದಲ್ಲಿ ಜನರೇಟರ್. "ಬೆಟ್ಟ ಎಲ್ಲಪ್ಪಾ?" ಅಂದೆ. ಬ್ಯಾಗ್ ಹೊತ್ತು ತಂದಿದ್ದ ಹುಡುಗ ಬಹಳ ವಿನಯದಿಂದ, "ಟ್ಯಾಂಕಿನ ಹಿಂದೆ ಇದೆ ಮೇಡಂ" ಅಂದ. ಸುಳ್ಳೇನಲ್ಲ. ಮುಳ್ಳಯ್ಯನಗಿರಿ ನಮ್ಮ ರಾಜ್ಯದಲ್ಲೇ ಎತ್ತರದ ಶಿಖರ, 1,900 ಮೀಟರಿಗಿಂತ ಜಾಸ್ತಿ. ಅದನ್ನೂ ಮುಚ್ಚಬೇಕು ಅಂದ್ರೆ ಟ್ಯಾಂಕನ್ನು ಜಾಗ ನೋಡಿಯೇ ಇಟ್ಟಿರಬೇಕು, ಅಲ್ವಾ?

ನನಗೊಂದು ಅನುಮಾನ. ಮುಂಚೆಯೇ ದುಡ್ಡು ಕಟ್ಟಿದವರಿಗೇ ಇಂಥ ರೂಮ್ ಕೊಡೋದು. ಅವರು ಇನ್ನೆಲ್ಲಿಗೆ ಹೋಗ್ತಾರೆ? ಒಳ್ಳೆಯ ರೂಮನ್ನು "ಬೇಡ" ಅಂತ ಎದ್ದು ಹೋಗಬಲ್ಲವರಿಗೆ ಇಟ್ಟಿರುತ್ತಾರೆ. ನಮ್ಮ ಮನೆಯಲ್ಲಿ ಹಾಗೆ ಹೇಳಬಲ್ಲವರು ಮಾವ ಒಬ್ಬರೇ. ಬ್ಯಾಂಕಿನಲ್ಲಿದ್ದು ರಿಟೈರ್ ಆದವರು. ಬ್ರಾಂಚ್ ಇನ್‌ಸ್ಪೆಕ್ಷನ್ ನಿಂತರೂ ಇನ್‌ಸ್ಪೆಕ್ಷನ್ ನಿಂತಿಲ್ಲ.

"ಬೇರೆ ರೂಮ್ ತೋರಿಸಿ" ಅಂತ ಹೊರಟೇ ಬಿಟ್ಟರು. ನಮ್ಮವರು ಮೊಬೈಲಿನೊಳಗೆ ಮುಖ ಹುದುಗಿಸಿದರು. ಅತ್ತೆ ಲಾಬಿಯ ಸೋಫಾದಲ್ಲಿ ಕೂತು ಚಕ್ಕುಲಿ ಡಬ್ಬಿ ತೆಗೆದರು. ಇದು ಬೇಗ ಮುಗಿಯುವ ಕೆಲಸವಲ್ಲ ಅಂತ ಅವರಿಗೆ ಗೊತ್ತು. ಮಾವನ ಹಿಂದೆ ನಾನು, ನನ್ನ ಹಿಂದೆ ಬೀಗದ ಕೈ ಗೊಂಚಲು ಹಿಡಿದ ಹುಡುಗ. ಪ್ರತಿ ರೂಮಿನಲ್ಲೂ ಅದೇ ಕ್ರಮ. ಮೊದಲು ಬಾತ್‌ರೂಮಿನ ನಲ್ಲಿ. ಬಿಸಿನೀರು ಬರುವವರೆಗೂ ಕೈಯೊಡ್ಡಿ ನಿಲ್ಲುವುದು. ಆಮೇಲೆ ಫ್ಲಶ್. ಆಮೇಲೆ ದಿಂಬಿನ ವಾಸನೆ. ಮಂಚದ ಹತ್ತಿರ ಚಾರ್ಜರ್ ಹಾಕಲು ಪ್ಲಗ್ ಇದೆಯಾ ಅಂತ ಬಗ್ಗಿ ನೋಡುವುದು. ಕೊನೆಗೆ ಗೋಡೆಗೆ ಕಿವಿಯಿಟ್ಟು, ಪಕ್ಕದಲ್ಲಿ ಲಿಫ್ಟ್ ಇದೆಯಾ ಅಂತ ಕೇಳಿಸಿಕೊಳ್ಳುವುದು. ಒಂದು ಗೋಡೆಯ ಆಚೆಯಿಂದ ಯಾರೋ "ಯಾರ್ರೀ ಅದು?" ಅಂದರು. ಮಾವ "ಸದ್ದು ಕೇಳಿಸುತ್ತೆ, ಇದು ಬೇಡ" ಅಂದರು.

ಮೇಲಿನ ಮಹಡಿಯ ಮೂಲೆ ರೂಮ್ ಎಲ್ಲದರಲ್ಲೂ ಪಾಸ್. ಬೆಟ್ಟವೂ ಪೂರ್ತಿ ಕಾಣುತ್ತಿತ್ತು. ಹಾಸಿಗೆ ಒಂದು ನೋಡಿಬಿಡ್ತೀನಿ ಅಂತ ಮಾವ ಚಪ್ಪಲಿ ಬಿಟ್ಟು ಮಲಗಿದರು. ಅಷ್ಟರಲ್ಲಿ ಮ್ಯಾನೇಜರ್ ಬಂದು "ಇದಕ್ಕೆ 8,000 ಆಗುತ್ತೆ ಸರ್" ಅಂದ. ಮಾವ ಕಣ್ಣು ಮುಚ್ಚಿಕೊಂಡೇ ಹೇಳಿದರು: "2025ರ ಸೆಪ್ಟೆಂಬರ್ 22ರಿಂದ 7,500ರವರೆಗೆ ಜಿಎಸ್‌ಟಿ 5 ಪರ್ಸೆಂಟು. ಅದರ ಮೇಲೆ 18. ನಿಮ್ಮ ಲೆಕ್ಕದಲ್ಲಿ ನನಗೆ ಬೀಳೋದು 9,440. ನೀವು 500 ಬಿಟ್ಟರೆ 7,875. ಯೋಚನೆ ಮಾಡಿ." ಅವನು ಯೋಚನೆ ಮಾಡುವಷ್ಟರಲ್ಲಿ ಗೊರಕೆ ಶುರುವಾಯಿತು. ನಸುಕಿಗೇ ಬೆಂಗಳೂರು ಬಿಟ್ಟವರು, ಪಾಪ.

ನಿದ್ದೆ ಮಾಡುವವರ ಹತ್ತಿರ ಚೌಕಾಸಿ ಹೇಗೆ? ಮ್ಯಾನೇಜರ್ "ಸರ್" ಅಂದ. ಗೊರಕೆ. "7,800 ಮಾಡ್ಕೊಡ್ತೀನಿ ಸರ್." ಇನ್ನೂ ಜೋರು ಗೊರಕೆ. ನನ್ನ ಕಡೆ ನೋಡಿದ. ನಾನು ಕಿಟಕಿಯ ಕಡೆ ನೋಡಿದೆ. ಆ ಹುಡುಗ ಮಾತ್ರ ಬಾಗಿಲ ಹಿಂದೆ ಬಾಯಿ ಮುಚ್ಚಿಕೊಂಡು ನಗುತ್ತಿದ್ದ. ಕೊನೆಗೆ 7,500 ಅಂತ ಬರೆದು, ಮೊದಲು ಕಟ್ಟಿದ್ದನ್ನು ಅದರಲ್ಲೇ ಹಿಡಿದುಕೊಂಡು, ಸದ್ದಾಗದಂತೆ ಹೊರಗೆ ಹೋದ.

ಚಿಕ್ಕವಳಿದ್ದಾಗ ಧರ್ಮಸ್ಥಳಕ್ಕೆ ಹೋದರೆ ಅಪ್ಪ ಕ್ಯೂ ನಿಂತು ಒಂದು ಬೀಗದ ಕೈ ತರುತ್ತಿದ್ದರು. ಯಾವ ರೂಮ್ ಸಿಕ್ಕರೂ ಸಂಭ್ರಮವೇ. ಜಮಖಾನ ಹಾಸಿ, ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳೆಲ್ಲ ಸಾಲಾಗಿ ಮಲಗುತ್ತಿದ್ದೆವು. ಕಿಟಕಿಗೆ ವ್ಯೂ ಅಂತ ಒಂದಿರುತ್ತೆ ಅನ್ನೋದೇ ಗೊತ್ತಿರಲಿಲ್ಲ. ಸೊಳ್ಳೆ ಬರುತ್ತೆ ಅಂತ ಮುಚ್ಚುತ್ತಿದ್ದೆವು, ಅಷ್ಟೆ. ಆ ಸಾಲಿನಲ್ಲಿ ಮಲಗಿದವರು ಈಗ ಸಿಗೋದು ಮದುವೆ ಮನೆಯಲ್ಲಿ ಮಾತ್ರ.

ಮಾರನೇ ಬೆಳಿಗ್ಗೆ ಪರದೆ ಸರಿಸಿದರೆ ಬರೀ ಮಂಜು. ಬೆಟ್ಟವೂ ಇಲ್ಲ, ಟ್ಯಾಂಕೂ ಇಲ್ಲ. ತಿಂಡಿ ತಿಂದು ಬಂದರೂ ಮಂಜು. ಹತ್ತೂವರೆಗೆ ಬ್ಯಾಗ್ ಜಿಪ್ ಎಳೆಯುವಾಗ ಬೆಟ್ಟ ಕಂಡಿತು, ಹನ್ನೊಂದಕ್ಕೆ ಚೆಕ್‌ಔಟ್. ಮಾವ ನೆಟ್ಟಗೆ ಕೌಂಟರಿಗೆ ಹೋದರು. "ಮಧ್ಯಾಹ್ನ ಎರಡಕ್ಕೆ ಒಳಗೆ ಬಿಟ್ಟಿರಿ, ಹನ್ನೊಂದಕ್ಕೆ ಹೊರಗೆ ಹಾಕ್ತಿದ್ದೀರಿ. 21 ಗಂಟೆ ಆಯ್ತು. ದಿನದ ಬಾಡಿಗೆ ತಗೊಂಡಿದ್ದೀರಲ್ಲ, ಉಳಿದ 3 ಗಂಟೆ ಎಲ್ಲಿ?"

ಮ್ಯಾನೇಜರ್ ಏನೂ ಮಾತಾಡಲಿಲ್ಲ. ಹುಡುಗನಿಗೂ ಕಾಯದೆ, ನಮ್ಮ ಬ್ಯಾಗುಗಳನ್ನೆಲ್ಲ ತಾನೇ ಹೊತ್ತು ಕಾರಿನ ಡಿಕ್ಕಿಗೆ ತುಂಬಿದ.