ಫಾರ್ಮುಲಾ 1ಕ್ಕೆ ವಿ8 ಎಂಜಿನ್ ಮತ್ತೆ ಬರಬೇಕಾ?

ಪರ: ಬರಲಿ, ಬೇಗ ಬರಲಿ

2013ರಲ್ಲಿ, ವಿ8 (ಎಂಟು ಸಿಲಿಂಡರಿನ ಎಂಜಿನ್) ಓಡಿದ ಕೊನೆಯ ವರ್ಷ, ಒಂದು ರೇಸ್‌ಗೆ ಹೋಗಿದ್ದೆ. ಇಯರ್‌ಪ್ಲಗ್ ರೂಮಿನಲ್ಲೇ ಮರೆತಿದ್ದೆ. ಕಾರು ಕಣ್ಣಿಗೆ ಬೀಳುವ ಮೊದಲೇ ಅದರ ಸದ್ದು ಬಂದು ಎದೆಗೆ ಗುದ್ದಿತು. ತಿರುವಿನಲ್ಲಿ ಬ್ರೇಕ್ ಹಾಕಿದಾಗ ಎಂಜಿನ್ ಪಟಪಟ ಕೆಮ್ಮಿತು. ಪಕ್ಕದವರು ಏನೋ ಕಿರುಚಿ ನಾಲ್ಕು ಬೆರಳು ತೋರಿಸಿದರು. ಆಕ್ಸಿಲರೇಟರ್ ಬಿಟ್ಟಾಗ ನಾಲ್ಕೇ ಸಿಲಿಂಡರ್ ಉರಿಯುತ್ತವೆ ಅಂತ ಅವರು ಹೇಳಿದ್ದು ನನಗೆ ತಿಳಿದದ್ದು ರೇಸ್ ಮುಗಿದ ಮೇಲೆ. ಮರುವರ್ಷ ಆರು ಸಿಲಿಂಡರಿನ ಟರ್ಬೊ ವಿ6 ಬಂತು, ಸದ್ದು ಇಳಿಯಿತು. ಟ್ರ್ಯಾಕ್ ಪಕ್ಕ ಕೂತು ಆರಾಮಾಗಿ ಹರಟೆ ಹೊಡೆದೆವು. ಅದಕ್ಕೆ ರೇಸ್‌ಗೆ ಹೋಗಬೇಕಿತ್ತಾ?

ಸದ್ದು ಒಂದೇ ಅಲ್ಲ, ಚರಿತ್ರೆಯೂ ಇದೆ. 1966ರಲ್ಲಿ ಎಂಜಿನ್ ಗಾತ್ರದ ಮಿತಿ 3 ಲೀಟರ್‌ಗೆ ಏರಿತು. ಬಿಆರ್‌ಎಂ ತಂಡ 16 ಸಿಲಿಂಡರ್ ಜೋಡಿಸಿ ಅದರ ಭಾರಕ್ಕೇ ಒದ್ದಾಡಿತು. ಎಂಜಿನ್ ವಿನ್ಯಾಸಕ ಕೀತ್ ಡಕ್‌ವರ್ತ್ ಎಂಟಕ್ಕೇ ನಿಂತರು. ಫೋರ್ಡ್ ಕೊಟ್ಟ 1 ಲಕ್ಷ ಪೌಂಡ್‌ನಲ್ಲಿ ಹುಟ್ಟಿದ ಅವರ ವಿ8 ಕಾಸ್ವರ್ತ್ ಡಿಎಫ್‌ವಿ, 1967ರಲ್ಲಿ ನೆದರ್ಲೆಂಡ್ಸ್‌ನ ಝಾಂಡ್‌ವೋರ್ಟ್‌ನಲ್ಲಿ ತನ್ನ ಮೊದಲ ರೇಸನ್ನೇ ಜಿಮ್ ಕ್ಲಾರ್ಕ್ ಕೈಯಲ್ಲಿ ಗೆದ್ದಿತು. ಕ್ಲಾರ್ಕ್ ಓಡಿಸಿದ ಲೋಟಸ್ ಕಾರಿನ ಚಾಸಿಸ್ (ಚೌಕಟ್ಟು) ಚಾಲಕನ ಬೆನ್ನ ಹಿಂದೆಯೇ ಮುಗಿಯುತ್ತಿತ್ತು. ಅಲ್ಲಿಂದ ಮುಂದೆ ಎಂಜಿನ್ನೇ ಬೆನ್ನೆಲುಬು, ಹಿಂದಿನ ಸಸ್ಪೆನ್ಷನ್ ಕೂಡ ಅದಕ್ಕೇ ಜೋಡಣೆ. ಮುಂದೆ ದುಡ್ಡು ಕೊಟ್ಟ ಬೇರೆ ತಂಡಗಳಿಗೂ ಅದು ಸಿಕ್ಕಿತು. 1983ರವರೆಗೆ 155 ಗೆಲುವು! ಸಣ್ಣ ತಂಡವೂ ದೊಡ್ಡವರ ಎಂಜಿನ್ ಹಾಕಿಕೊಂಡು ಓಡಿದ ಕಾಲ ಅದು.

ಇಂಧನ ಜಾಸ್ತಿ ಕುಡಿಯುತ್ತೆ ಅಂತ ಮೂಗು ಮುರಿಯುವವರಿದ್ದಾರೆ. ಮೈಲೇಜ್ ಬೇಕಿದ್ದರೆ ಸೈಕಲ್ ರೇಸ್ ನೋಡಲಿ. ನನಗೆ ಆ ಸದ್ದು ಬೇಕು.

ವಿರೋಧ: ಬೇಡ ಅನ್ನಿಸುತ್ತೆ

ವಿರೋಧ ಬರೆಯುವವರು ಸಿಗಲಿಲ್ಲ ಅಂತ ನನ್ನ ಹಿಡಿದರು. ಸದ್ದು ನನಗೂ ಇಷ್ಟ, ಸುಮ್ನೆ ಯಾಕೆ ಮುಚ್ಚಿಡಲಿ?

ಆದರೂ ಲೆಕ್ಕ ನೋಡಿ. ವಿ8 ಕಾಲದಲ್ಲಿ ಒಂದು ರೇಸ್‌ಗೆ ಸುಮಾರು 150 ಕೆಜಿ ಇಂಧನ ಬೇಕಿತ್ತು. 2014ರ ವಿ6 ಹೈಬ್ರಿಡ್ ಕಾರುಗಳು (ಎಂಜಿನ್ ಜೊತೆ ವಿದ್ಯುತ್ ಮೋಟಾರೂ ಇರುವವು) 100 ಕೆಜಿಯಲ್ಲೇ ಮುಗಿಸಿದವು. ಹೋಂಡಾ 2015ರಲ್ಲಿ ಮರಳಿದ್ದು, ಆಡಿ 2026ಕ್ಕೆ ಒಪ್ಪಿದ್ದು ಈ ತಂತ್ರಜ್ಞಾನದ ಆಸೆಗೆ. ಬರೀ ವಿ8 ಅಂದರೆ ಅವರು ಉಳಿಯುತ್ತಾರಾ?

ಇನ್ನು ನಾವು ನೆನೆದು ಕಣ್ಣೀರಿಡುವ 2.4 ಲೀಟರ್ ವಿ8. 2007ರಲ್ಲಿ ಅದರ ವಿನ್ಯಾಸಕ್ಕೆ ಬೀಗ ಬಿತ್ತು, ಎಂಜಿನ್ ತಿರುಗುವ ವೇಗಕ್ಕೆ ನಿಮಿಷಕ್ಕೆ 19,000 ಸುತ್ತಿನ ಮಿತಿ ಬಂತು. 2009ರಲ್ಲಿ ಅದು 18,000ಕ್ಕೆ ಇಳಿಯಿತು. ಬೆಳೆಯಲು ಬಿಡದ ಎಂಜಿನ್ ಅದು. ಹತ್ತು ಸಿಲಿಂಡರಿನ ವಿ10 ಹೋಗಿ ಅದು ಬಂದಾಗಲೂ ಸದ್ದು ಸಪ್ಪೆ ಅಂತ ಗೊಣಗಿದ್ದೆವು ಅಲ್ವಾ?

ಸುಸ್ಥಿರ ಇಂಧನದಲ್ಲಿ (ನೆಲದಡಿಯ ಕಚ್ಚಾತೈಲದಿಂದಲ್ಲದೆ ತಯಾರಿಸಿದ್ದು) ವಿ8 ಓಡಿಸುತ್ತೇವೆ ಅಂದರೆ ನನ್ನ ವಾದ ಅರ್ಧ ಬಿದ್ದೇಹೋಗುತ್ತದೆ. ಅದನ್ನು ಪರ ಬರೆದವರೇ ಹೇಳಲಿಲ್ಲ. ನಾನ್ಯಾಕೆ ನೆನಪಿಸಲಿ?