ಕಾಂಗ್ ಯಾತ್ಸೆ-2ಕ್ಕೆ ಹೊರಡುವ ಮುಂಚೆ ದಿನ ಎಣಿಸಿ

ಲಡಾಖ್‌ನ ಸ್ಟೋಕ್ ಕಾಂಗ್ರಿ ಶಿಖರವನ್ನು 2020ರಲ್ಲಿ ಹತ್ತುವವರಿಗೆ ಮುಚ್ಚಿದ ಮೇಲೆ, ಮೊದಲ ಸಲ ಆರು ಸಾವಿರ ಮೀಟರ್ ಮುಟ್ಟಬೇಕು ಅನ್ನುವವರ ಕಣ್ಣು ಅಲ್ಲಿನದೇ ಇನ್ನೊಂದು ಶಿಖರ ಕಾಂಗ್ ಯಾತ್ಸೆ-2ರ ಮೇಲಿದೆ. ಎತ್ತರ ಸುಮಾರು 6,250 ಮೀಟರ್. ಜಾಹೀರಾತಿನಲ್ಲಿ ‘ನಾನ್-ಟೆಕ್ನಿಕಲ್’ ಅಂತ ಇರುತ್ತೆ. ಬಂಡೆ ಹತ್ತುವ ಕಸುಬು ಬೇಡ ಅಂತಷ್ಟೇ ಅದರರ್ಥ, ಸಲೀಸು ಅಂತಲ್ಲ. ಅಲ್ಲಿ ಕಾಲು ಸೋತವರಿಗಿಂತ, ಮೈ ಎತ್ತರಕ್ಕೆ ಒಗ್ಗಲು ದಿನ ಸಾಲದವರ ಚಿಂತೆಯೇ ದೊಡ್ಡದು.

ಬೆಂಗಳೂರು 920 ಮೀಟರ್, ಲೇಹ್ 3,500. ವಿಮಾನದಲ್ಲಿ ಒಂದೇ ದಿನದ ದಾರಿ. ಲೇಹ್‌ನಲ್ಲಿ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರನೇ ಎರಡರಷ್ಟು, ಶಿಖರದಲ್ಲಿ ಅರ್ಧಕ್ಕೂ ಕಮ್ಮಿ. ಕುಮಾರಪರ್ವತವನ್ನು ಒಂದೇ ದಿನದಲ್ಲಿ ಹತ್ತಿಳಿದವರ ತೊಡೆ ಗಟ್ಟಿಯಿರುತ್ತೆ, ಒಪ್ಪೋಣ. ಆದರೆ ಕಮ್ಮಿ ಆಮ್ಲಜನಕದಲ್ಲಿ ನಿಭಾಯಿಸುವುದನ್ನು 1,712 ಮೀಟರಿನ ಬೆಟ್ಟ ರಕ್ತಕ್ಕೆ ಕಲಿಸಿರುವುದಿಲ್ಲ.

ಲೇಹ್‌ನಲ್ಲಿ ಎರಡು ಪೂರ್ತಿ ದಿನ ಸುಮ್ಮನಿರಿ. ಆಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಬೇಕು. ಸ್ಕಿಯು, ಮಾರ್ಖಾ, ಹಂಕರ್ ಹಳ್ಳಿಗಳಲ್ಲಿ ತಂಗುತ್ತಾ ಮಾರ್ಖಾ ಕಣಿವೆ ಹಿಡಿದು ನಡೆದರೆ ಇದು ತಾನಾಗೇ ಆಗುತ್ತೆ. ಎಡವಟ್ಟಾಗುವುದು ಹಂಕರ್ ಆದಮೇಲೆ. ಅದು ಸುಮಾರು 4,000 ಮೀಟರ್, ಬೇಸ್ ಕ್ಯಾಂಪ್ 5,000 ದಾಟುತ್ತೆ. ಒಂದೇ ದಿನದಲ್ಲಿ ಅಲ್ಲಿಗೆ ಏರಿಸುವ ಪ್ಯಾಕೇಜಿಗೆ ದುಡ್ಡು ಕಟ್ಟಬೇಡಿ, ನಡುವೆ ಥಚುಂಗ್‌ತ್ಸೆ ಕ್ಯಾಂಪಿನಲ್ಲಿ ಕನಿಷ್ಠ ಒಂದು ರಾತ್ರಿ ತಂಗುವಂತೆ ಕೇಳಿ.

ಎತ್ತರದ ಕಾಯಿಲೆ ತಡೆಯಲು ಕೊಡುವ ಮಾತ್ರೆ ಡೈಯಾಮಾಕ್ಸ್ ಸಾಮಾನ್ಯವಾಗಿ 125 ಮಿಲಿಗ್ರಾಂ, ದಿನಕ್ಕೆರಡು ಸಲ. ಸಲ್ಫಾ ಅಲರ್ಜಿ ಇದ್ದರೆ ಮೊದಲೇ ಡಾಕ್ಟರಿಗೆ ಹೇಳಿ. ತಲೆನೋವಿಗೆ ಮಾತ್ರೆ ನುಂಗಿ ಗೈಡ್‌ಗೆ ಹೇಳದೆ ಮುಚ್ಚಿಡುವುದು ಶುದ್ಧ ಮೂರ್ಖತನ. ಅನುಮಾನ ಬಂದರೆ ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸುತ್ತಾ ಗೆರೆ ಮೇಲೆ ನಡೆಸಿ. ತೂರಾಡಿದರೆ ಮಿದುಳು ಊದುತ್ತಿದೆ, ಕೂತಲ್ಲೇ ಏದುಸಿರು ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಅಂತಲೇ ತಿಳಿಯಿರಿ. ಬೆಳಗಾಗಲಿ ಅಂತ ಕಾಯದೆ ಆಗಲೇ ಇಳಿಸಬೇಕು.

ಶಿಖರಕ್ಕೆ ಮಧ್ಯರಾತ್ರಿ ಹೊತ್ತಿಗೆ ಹೊರಡುತ್ತಾರೆ. ಮೊದಲು ಸಡಿಲ ಕಲ್ಲು, ಆಮೇಲೆ ಹಿಮದ ಇಳಿಜಾರು. ಹಿಮದಲ್ಲಿ ಜಾರದಂತೆ ಶೂ ಅಡಿಗೆ ಬಿಗಿಯುವ ಮುಳ್ಳುಹಲ್ಲಿನ ಚೌಕಟ್ಟು, ಅಂದರೆ ಕ್ರ್ಯಾಂಪಾನ್, ಕಟ್ಟುವ ಅಭ್ಯಾಸ ಬೇಸ್ ಕ್ಯಾಂಪಿನಲ್ಲೇ ಮುಗಿಸಿ, ಕೈಗವಸು ಹಾಕಿಕೊಂಡೇ. ಮೆತ್ತನೆ ಅಡಿಯ ಟ್ರೆಕ್ಕಿಂಗ್ ಶೂಗೆ ಕಟ್ಟಿದರೆ ಹೆಜ್ಜೆಹೆಜ್ಜೆಗೂ ಶೂ ಬಾಗಿ ಕೊನೆಗೆ ಕ್ರ್ಯಾಂಪಾನ್ ಕಳಚಿಕೊಳ್ಳುತ್ತೆ. ಹೀರುಕೊಳವೆಯ ನೀರಿನ ಚೀಲ ಬೇಡ, ಕೊಳವೆ ಹೆಪ್ಪುಗಟ್ಟುತ್ತೆ. ಬಾಟಲಿಯನ್ನು ತಲೆಕೆಳಗಾಗಿಡಿ, ನೀರು ಮೇಲಿಂದ ಹೆಪ್ಪುಗಟ್ಟುವುದರಿಂದ ಮುಚ್ಚಳ ಬಿಡಿಸಿಕೊಳ್ಳಲು ಬರುತ್ತೆ.

ಆಗಸ್ಟ್ ಕೊನೆಗೆ ಹಿಮ ಕರಗಿ ಅಡಿಯ ಗಟ್ಟಿ ಮಂಜುಗಡ್ಡೆ ಮೇಲೆದ್ದರೆ ಅದೇ ಇಳಿಜಾರಿಗೆ ಹಗ್ಗ ಬೇಕು, ‘ನಾನ್-ಟೆಕ್ನಿಕಲ್’ ಅನ್ನುವ ಹಣೆಪಟ್ಟಿ ಆಗ ಸುಳ್ಳು. ವಾಪಸಾಗುವ ಗಂಟೆಯನ್ನು ಹಿಂದಿನ ಸಂಜೆಯೇ ಗೊತ್ತುಮಾಡಿ. ಬಿಸಿಲೇರಿದ ಮೇಲೆ ಒದ್ದೆ ಹಿಮ ಕ್ರ್ಯಾಂಪಾನಿನ ಅಡಿಗೆ ಮುದ್ದೆಯಾಗಿ ಅಂಟುತ್ತೆ, ಹಲ್ಲು ನೆಲಕ್ಕೆ ತಾಗುವುದೇ ಇಲ್ಲ. ಐಸ್ ಆಕ್ಸಿನ (ಹಿಮಗೊಡಲಿಯ) ಹಿಡಿಯಿಂದ ತಟ್ಟಿ ಉದುರಿಸುತ್ತಾ ಇಳಿಯಬೇಕು.