ರೋಜರ್ ಅಂದರೆ ಆಗಿಹೋಯ್ತಾ?

ನಮ್ಮ ಅಪಾರ್ಟ್‌ಮೆಂಟಿನ ಕಾರ್ಯದರ್ಶಿಗಳಿಗೆ ಯಾರೋ ಪುಣ್ಯಾತ್ಮರು ವಾಕಿಟಾಕಿ ಕೊಡಿಸಿದ್ದಾರೆ. ಆವತ್ತಿಂದ ಅವರು 'ಆಯ್ತು', 'ನೋಡೋಣ' ಎಲ್ಲ ಬಿಟ್ಟೇಬಿಟ್ಟರು. ಏನು ಹೇಳಿದರೂ ಒಂದೇ ಉತ್ತರ: "ರೋಜರ್!"

ಲಿಫ್ಟ್ ನಿಂತಿದೆ ಸಾರ್. ರೋಜರ್. ಮೇಲಿನ ಮನೆಯ ನಾಯಿ ನನ್ನ ಚಪ್ಪಲಿ ತಿಂದಿದೆ. ರೋಜರ್. ನಂದಿನಿ ಬೂತಿನ ಹತ್ತಿರ ನನ್ನ ಹೆಂಡತಿ "ಕಾಫಿ ಆಯ್ತಾ?" ಎಂದಿದ್ದಕ್ಕೂ ರೋಜರ್. ಕೈಯಲ್ಲಿ ವಾಕಿಟಾಕಿ ಕೂಡ ಇರಲಿಲ್ಲ, ಹಾಲಿನ ಪ್ಯಾಕೆಟ್ ಇತ್ತು! ಗೇಟಿನ ಸೆಕ್ಯೂರಿಟಿ ಮೊದಮೊದಲು "ಆ ಹೆಸರಿನವರು ಯಾರೂ ಬಂದಿಲ್ಲ ಸಾರ್" ಎಂದು ರಿಜಿಸ್ಟರ್ ತಿರುವಿ ನೋಡುತ್ತಿದ್ದ. ನನಗಾದರೂ ಗೊತ್ತಿದ್ದ ರೋಜರ್ ನಮ್ಮ ಬೆಂಗಳೂರಿನ ಬಿನ್ನಿ ಒಬ್ಬರೇ. 1983ರ ವಿಶ್ವಕಪ್ಪಿನಲ್ಲಿ 18 ವಿಕೆಟ್ ಕಿತ್ತವರು, ಟೂರ್ನಿಯಲ್ಲೇ ಎಲ್ಲರಿಗಿಂತ ಜಾಸ್ತಿ. ಆ ರೋಜರ್ ಕೆಲಸ ಮಾಡಿದ್ದರು.

ನಿನ್ನೆ ಬೆಳಿಗ್ಗೆ ಮೇಲಿನ ಟ್ಯಾಂಕ್ ತುಂಬಿ ಹರಿಯುತ್ತಿತ್ತು. ದುಡ್ಡು ಕೊಟ್ಟು ಟ್ಯಾಂಕರಿನಲ್ಲಿ ತರಿಸಿದ ನೀರು. ಮೋಟರ್ ಆಫ್ ಮಾಡಿಸಿ ಎಂದು ಫೋನ್ ಮಾಡಿದೆ. ರೋಜರ್ ಅಂದರು. ನೀರು ಮೆಟ್ಟಿಲಿಳಿದು ಪಾರ್ಕಿಂಗ್ ಸೇರಿದರೂ ಮೋಟರ್ ಓಡುತ್ತಲೇ ಇತ್ತು. ಹೋಗಿ ಕೇಳಿದರೆ ತಣ್ಣಗೆ ಹೇಳಿದರು: "ರೋಜರ್ ಅಂದ್ರೆ ನೀವು ಹೇಳಿದ್ದು ಕೇಳಿಸ್ತು ಅಂತ. ಮಾಡ್ತೀನಿ ಅಂತಲ್ಲ. ಮಾಡೋದಾದ್ರೆ ವಿಲ್ಕೋ ಅನ್ಬೇಕು."

ಮೈ ಉರಿಯುವ ಸಂಗತಿ ಏನೆಂದರೆ, ಅದು ನಿಜ. ತಂತಿಯ ಮೋರ್ಸ್ ಕೋಡ್ ಕಾಲದಲ್ಲಿ ಸಂದೇಶ ಸಿಕ್ಕಿತು ಎನ್ನಲು 'ರಿಸೀವ್ಡ್' ಪದದ 'ಆರ್' ಒಂದನ್ನೇ ಕುಟ್ಟುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ರೇಡಿಯೋ ಹಿಡಿದ ಅಮೆರಿಕ, ಬ್ರಿಟನ್ ಸೈನಿಕರು ಅಕ್ಷರ ತಪ್ಪಾಗಿ ಕೇಳಿಸದಿರಲಿ ಎಂದು ಒಂದೊಂದಕ್ಕೂ ಒಂದು ಹೆಸರು ಹೇಳುತ್ತಿದ್ದರು; 'ಆರ್' ಅಂದರೆ ರೋಜರ್. 1956ರಲ್ಲಿ ಆ ಅಕ್ಷರದ ಹೆಸರು ರೋಮಿಯೋ ಆಯಿತು. ಉತ್ತರ ಕೊಡುವಾಗಿನ ರೋಜರ್ ಮಾತ್ರ ಜಾಗ ಬಿಡಲಿಲ್ಲ. ಸದ್ಯ! ಇಲ್ಲದಿದ್ದರೆ ನಮ್ಮ ಕಾರ್ಯದರ್ಶಿಗಳು ಕಂಡಕಂಡವರಿಗೆಲ್ಲ ರೋಮಿಯೋ, ರೋಮಿಯೋ ಎಂದು ಸ್ಟೇಷನ್ ಮೆಟ್ಟಿಲು ಹತ್ತಬೇಕಿತ್ತು.

ಸೈನ್ಯದಲ್ಲಿದ್ದ ನನ್ನ ಚಿಕ್ಕಪ್ಪ 56 ಎಪಿಒ ಎಂಬ ಸೈನ್ಯದ ಅಂಚೆ ವಿಳಾಸದಿಂದ ಇನ್‌ಲ್ಯಾಂಡ್ ಲೆಟರ್ ಬರೆಯುತ್ತಿದ್ದರು. "ನೀವು ಬರೆದ ಕಾಗದ ತಲುಪಿತು" ಎಂದೇ ಶುರು. ಅದೂ ರೋಜರ್ರೇ ಅಲ್ವಾ? ಅಷ್ಟು ಓದುತ್ತಿದ್ದಂತೆ ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಮಿಕ್ಕಿದ್ದು ಆಮೇಲೆ ಓದು ಅನ್ನುತ್ತಿದ್ದಳು. ಅವಳಿಗೆ ಅಷ್ಟು ಸಾಕಿತ್ತು.

ನನಗೆ ಸಾಲದು. "ಇನ್ಮೇಲೆ ವಿಲ್ಕೋ ಅನ್ನಿ ಸಾರ್" ಎಂದೆ. "ಅದು ಜನರಲ್ ಬಾಡಿಯಲ್ಲಿ ಪಾಸ್ ಆಗ್ಬೇಕು. ಓವರ್ ಅಂಡ್ ಔಟ್!" ಅಂದರು. ಓವರ್ ಅಂದರೆ ಈಗ ನೀನು ಮಾತಾಡು. ಔಟ್ ಅಂದರೆ ಮಾತು ಮುಗಿಯಿತು. ರೇಡಿಯೋ ಬಲ್ಲವರು ಎರಡನ್ನೂ ಒಟ್ಟಿಗೆ ಹೇಳುವುದಿಲ್ಲ. ನಮ್ಮ ಅಸೋಸಿಯೇಷನ್ ಮೀಟಿಂಗ್ ಮಾತ್ರ ಮೊದಲಿನಿಂದಲೂ ನಡೆಯುವುದೇ ಹಾಗೆ.